ಕಲ್ಲುಹಳ್ಳದ ಇಳಿಜಾರಿನಲ್ಲಿ ನಿಂತ ಟ್ರ್ಯಾಕ್ಟರ್

ನಮ್ಮ ಮನೆಯನ್ನು ಕಳಚಿ ಟ್ರೇಲರಿಗೆ ಹೇರಿಯಾಗಿತ್ತು. ಅಡಿಯಲ್ಲಿ ಹಂಚು, ಅದರ ಮೇಲೆ ಬಾಗಿಲು, ತೊಲೆ, ನಡುಮನೆಯ ಕಂಬಗಳು, ಎಲ್ಲಕ್ಕಿಂತ ಮೇಲೆ ಪಾತ್ರೆಪಡಗ. ಲಿಂಗನಮಕ್ಕಿ ಕಟ್ಟೆಯ ನೀರು ಆ ಮಳೆಗಾಲ ನಮ್ಮ ಬಿದರಗೋಡಿನ ಗದ್ದೆಗಳನ್ನು ನುಂಗಿ ಮೇಲೆ ಬರುತ್ತಿತ್ತು. ಊರಿನಿಂದ ಹೊರಗೆ ಗಾಡಿ ಹೋಗುವ ದಾರಿ ಒಂದೇ, ಕಲ್ಲುಹಳ್ಳದ ಮೋರಿಯ ಮೇಲೆ. ಮೋರಿ ಮುಳುಗುವುದರೊಳಗೆ ದಾಟಿದರೆ, ಸಾಗರದ ಆಚೆ ನಮಗೆ ಕೊಟ್ಟ ಕಾಡುಜಾಗದಲ್ಲಿ ಅದೇ ಕಂಬ ನಿಲ್ಲಿಸಿ ಅದೇ ಹಂಚು ಹೊದೆಸಬಹುದು. ದಾಟದಿದ್ದರೆ ಉಳಿದ ಮಳೆಗಾಲವೆಲ್ಲ ಮರದ ಬುಡದಲ್ಲಿ ಕೂರಬೇಕು.

ನನ್ನ ಗಂಡ ಮಂಜುನಾಥಪ್ಪ ಮದುವೆ ಮನೆಗೆ ಹೊರಟ ಹಾಗೆ ನಿಧಾನ. ಒಂದೊಂದು ಹಂಚನ್ನೂ ಒರೆಸಿ ಇಳಿಸಿದರು. ಅಕ್ಕಪಕ್ಕದವರೆಲ್ಲ ಹೋಗಿ, ಅವರ ಮನೆಯ ನಾಯಿಗಳೂ ಹೋಗಿ, ಊರಿನಲ್ಲಿ ಉಳಿದದ್ದು ನಾವು ಮೂರು ಜನ. ಇವರು, ನಾನು, ನನ್ನ ಅತ್ತೆ ದುಗ್ಗಮ್ಮ. ಎತ್ತುಗಳನ್ನು ಮೊದಲೇ ನೆಂಟರ ಜೊತೆ ಹೊಡೆದು ಕಳಿಸಿದ್ದೆವು. ಹೊಸನಗರದ ಕಡೆಯ ಜೈನರ ಮನೆಯ ವೃಷಭರಾಜಯ್ಯನವರು ಪಾಪ ಎಂದು ತಮ್ಮ ಟ್ರ್ಯಾಕ್ಟರ್ ಕಳಿಸಿದ್ದರು. ಅದರ ಡ್ರೈವರ್ ಜಯಪ್ಪ ಹಿಂದಿನ ಸಂಜೆ ಬಂದು ಅಂಗಳದಲ್ಲಿ ನಿಲ್ಲಿಸಿದ್ದ. ಬೆಳಿಗ್ಗೆ ಎದ್ದು ಕ್ಯಾನಿನಿಂದ ಡೀಸೆಲ್ ತುಂಬಿ, ನಮ್ಮ ಮನೆಯ ಕೊನೆಯ ಗಂಜಿ ಉಂಡು, ಹೊರಡಿಸಿದ.

ಹೊರಟಿತು. ಡುಗುಡುಗು ಎಂದು ಅಂಗಳ ದಾಟಿತು, ಕಣ ದಾಟಿತು. ಮೋರಿಗೆ ಇಳಿಯುವ ಇಳಿಜಾರಿನ ತಲೆಗೆ ಬರುತ್ತಿದ್ದಂತೆ ಉಸಿರು ಕಟ್ಟಿದವರ ಹಾಗೆ ಎರಡು ಸಲ ಮುಗ್ಗರಿಸಿ ನಿಂತುಬಿಟ್ಟಿತು. ಜಯಪ್ಪ ಚಕ್ರಗಳ ಅಡಿಗೆ ಕಲ್ಲು ಕೊಡಿಸಿ ಸ್ಟಾರ್ಟರ್ ಒತ್ತಿದ. ಎಂಜಿನ್ ಗರಗರ ತಿರುಗಿತೇ ಹೊರತು ಹತ್ತಿಕೊಳ್ಳಲಿಲ್ಲ.

"ಹೊಗೆ ಬರ್ತೈತಾ ನೋಡಿ ಮಂಜಣ್ಣ" ಎಂದ.

ಹೊಗೆ ಕೊಳವೆಯಿಂದ ಒಂದು ಎಳೆ ಹೊಗೆಯೂ ಬರಲಿಲ್ಲ.

"ಹಂಗಾರೆ ಎಂಜಿನ್ನಿಗೆ ಡೀಸೆಲ್ ಮುಟ್ತಿಲ್ಲ. ಗಾಳಿ ಹಿಡ್ಕಂಡಿರ್ಬೇಕು."

ಫಿಲ್ಟರಿನ ಮೇಲಿನ ನಟ್ಟು ಸಡಿಲ ಮಾಡಿ, ಪಕ್ಕದಲ್ಲಿದ್ದ ಕೈಪಂಪನ್ನು ಒತ್ತುತ್ತಾ ಹೋದ. ನೊರೆ ಬಂತು, ಗುಳ್ಳೆ ಬಂತು, ಆಮೇಲೆ ಸ್ವಲ್ಪ ಡೀಸೆಲ್ ಬಂತು. ನಟ್ಟು ಬಿಗಿದು ಒತ್ತಿದರೆ ಸ್ಟಾರ್ಟ್ ಆಯಿತು! ನಾನು ದೇವರಿಗೆ ಕೈ ಮುಗಿಯುವಷ್ಟರಲ್ಲಿ ಮತ್ತೆ ನಿಂತಿತು. ಇದೇ ಆಟ ಇನ್ನೊಮ್ಮೆ, ಮತ್ತೊಮ್ಮೆ. ಪ್ರತಿ ಸಲವೂ ಗರಗರ ಸದ್ದು ಮೊದಲಿಗಿಂತ ಸಣ್ಣದಾಗುತ್ತಿತ್ತು. ಬ್ಯಾಟರಿ ಇಳಿಯುತ್ತಿದೆ ಎಂದು ಜಯಪ್ಪ ಹೆದರಿದ.

ಅವತ್ತು ಮಳೆಯೇ ಇರಲಿಲ್ಲ. ಚೊಕ್ಕ ಬಿಸಿಲು. ಆ ಬಿಸಿಲಿನಲ್ಲೇ ನೀರು ಸದ್ದಿಲ್ಲದೆ ಏರುತ್ತಿತ್ತು. ಮೇಲಿನ ಕಾಡಿನಲ್ಲಿ ಬಿದ್ದ ಮಳೆಗೆ ನಮ್ಮ ಬಿಸಿಲಿನ ಹಂಗು ಇರುತ್ತದೆಯೇ? ಮೊದಲ ಸಲ ನೋಡಿದಾಗ ಮೋರಿಯ ಕಮಾನು ಕಾಣುತ್ತಿತ್ತು. ಆಮೇಲೆ ನೋಡಿದಾಗ ಕಾಣಲಿಲ್ಲ. ನನಗೆ ಮೈಯೆಲ್ಲ ಉರಿಯಿತು. ಗಂಡನನ್ನು ಬಯ್ದೆ, ಜಯಪ್ಪನನ್ನು ಬಯ್ದೆ, ಇಂಥ ಮುದಿ ಯಂತ್ರ ಕಳಿಸಿದ ಧಣಿಯನ್ನೂ ಬಿಡಲಿಲ್ಲ. ಅತ್ತೆ ಮಾತ್ರ ದಾರಿ ಪಕ್ಕದ ಕಲ್ಲಿನ ಮೇಲೆ ಊರಿನ ಕಡೆ ಮುಖ ಮಾಡಿ ಕೂತಿದ್ದರು. ಬಯ್ಯುವುದರಲ್ಲಿ ನನ್ನ ಗುರು ಅವರು. ಅವತ್ತು ಅವರ ಬಾಯಲ್ಲಿ ಒಂದು ಮಾತಿಲ್ಲ.

ಜಯಪ್ಪ ಕೊನೆಗೆ ಟ್ಯಾಂಕಿನ ಕೆಳಗಿನ ನಲ್ಲಿಯಿಂದ ಪೈಪು ಬಿಡಿಸಿದ. ತುಂಬಿದ ಟ್ಯಾಂಕು ಧಾರೆಯಾಗಿ ಸುರಿಯಬೇಕಿತ್ತು. ಸೋರುವ ಮೂಗಿನ ಹಾಗೆ ತೊಟಕ್ ತೊಟಕ್ ಎಂದಿತು. ನಲ್ಲಿಗೆ ಬಾಯಿ ಹಚ್ಚಿ ಊದಿದರೆ ಒಳಗೆ ಗುಳುಗುಳು ಎಂದು ಒಂದಿಷ್ಟು ಹರಿಯಿತು, ಮತ್ತೆ ಕಟ್ಟಿತು.

"ಟ್ಯಾಂಕಿನೊಳಗೇ ಎಂತದೋ ಸೇರ್ಕಂಡೈತೆ. ಬಾಯಿನ ಜಾಲರಿ ಹರಿದು ಯಾವ ಕಾಲ ಆತು. ನಲ್ಲಿ ಬಿಚ್ಚಿ ಪೂರ್ತಿ ಇಳಿಸ್ಬೇಕು. ಅಕ್ಕ, ದೊಡ್ಡ ಪಾತ್ರೆ ಕೊಡಿ."

ಸ್ನಾನದ ನೀರು ಕಾಯಿಸುವ ತಾಮ್ರದ ಹಂಡೆಯನ್ನು ಟ್ರೇಲರಿನಿಂದ ಇಳಿಸಿಕೊಟ್ಟೆ. ಅದರ ಬಾಯಿಗೆ ನನ್ನ ಹಳೆಯ ಸೀರೆಯ ತುಂಡು ಕಟ್ಟಿದೆ. ಜಯಪ್ಪ ನಲ್ಲಿಯನ್ನು ಬುಡಸಮೇತ ಬಿಚ್ಚಿದ್ದೇ ತಡ, ಡೀಸೆಲ್ ಭರ್ರನೆ ಸುರಿಯಿತು. ಅದರ ಜೊತೆ ಬಟ್ಟೆಯ ಮೇಲೆ ಬಂದು ಬಿದ್ದದ್ದನ್ನು ನೋಡಿ ಅವನ ಬಾಯಿ ತೆರೆದುಕೊಂಡಿತು.

"ಎಂತ ಮಾರಾಯ್ರೆ ಇದು, ಭತ್ತ!"

ಬೊಗಸೆ ತುಂಬ ಭತ್ತ. ನಮ್ಮ ಕಣದ್ದೇ, ಕೆಂಪು ಮೂತಿಯ ಭತ್ತ.

ಇವರು ತಾಯಿಯ ಕಡೆ ತಿರುಗಿದರು. "ಅಮ್ಮಾ, ನೀನೇನಾರ ಹಾಕಿದ್ಯನೇ?"

ಅತ್ತೆ ತಿರುಗದೆಯೇ ಹೇಳಿದರು. "ಹ್ಞೂಂ. ಅಷ್ಟು ಭಾರ ಹೊತ್ಕಂಡು ದೂರ ಹೋಗ್ಬೇಕಲ್ಲ, ಹೊಟ್ಟೆಗೆ ಇರ್ಲಿ ಅಂತ ರಾತ್ರಿ ಹಾಕ್ದೆ."

ಜಯಪ್ಪ ನಕ್ಕುಬಿಟ್ಟ. ಇವರಿಗೂ ಆ ಸಂಕಟದಲ್ಲಿ ನಗು ಬಂತು. "ಪಾಪ, ಅಮ್ಮಂಗೆ ಎತ್ತೂ ಒಂದೇ ಟ್ರ್ಯಾಕ್ಟರೂ ಒಂದೇ" ಎಂದರು.

ನನಗೆ ನಗು ಬರಲಿಲ್ಲ. ನಮ್ಮ ಮನೆಯಲ್ಲಿ ದೂರ ಹೊರಟ ಎತ್ತಿಗೆ ಕೊಡುವುದು ಅಕ್ಕಿ ಬೆಲ್ಲ. ಭತ್ತ ಕೊಡುವುದು ಹೊಸದಾಗಿ ಕೊಂಡು ತಂದ ಎತ್ತಿಗೆ ಮಾತ್ರ. ಮನೆಯ ಕಣದ ಭತ್ತ ಹೊಟ್ಟೆಗೆ ಬಿದ್ದರೆ ಅದು ಹಳೆಯ ಕೊಟ್ಟಿಗೆಯ ದಾರಿ ಮರೆತು ಇಲ್ಲೇ ನಿಲ್ಲುತ್ತದೆ ಎಂದು ನಂಬಿಕೆ. ಗಂಡಸರು ಎತ್ತು ತಂದು ಕಟ್ಟಿ ಒಳಗೆ ಹೋಗುತ್ತಾರೆ, ಈ ಶಾಸ್ತ್ರ ಹೆಂಗಸರದು. ನಾನು ಮದುವೆಯಾಗಿ ಬಂದ ವರ್ಷ ತಿಳಿಯದೆ ಸಂತೆಗೆ ಹೊರಟ ಎತ್ತಿನ ಮುಂದೆ ಭತ್ತ ಹಿಡಿದಿದ್ದಕ್ಕೆ, ಹೊರಟಿದ್ದನ್ನ ಕಟ್ಟಿ ಹಾಕ್ತೀಯೇನೇ ಎಂದು ಅತ್ತೆ ನನ್ನ ಕೈಗೆ ಬಡಿದಿದ್ದರು. ಆ ಹೆಂಗಸು ಇದನ್ನು ತಪ್ಪಿ ಮಾಡಿರುವುದು ಸಾಧ್ಯವೇ ಇಲ್ಲ.

ಕಲ್ಲಿನ ಬಳಿ ಹೋಗಿ ಅವರ ಮುಖ ನೋಡಿದೆ. ಅವರು ನನ್ನ ಮುಖ ನೋಡಿದರು. ನನಗೆ ಗೊತ್ತಾಯಿತೆಂದು ಅವರಿಗೂ ಗೊತ್ತಾಯಿತು. ನಾಲಿಗೆಯ ತುದಿಗೆ ಬಂದದ್ದನ್ನು ನುಂಗಿಕೊಂಡೆ. ಯಾಕೆಂದರೆ ಜಯಪ್ಪ ಆಗಲೇ ಸೋಸಿದ ಡೀಸೆಲ್ಲನ್ನು ಟ್ಯಾಂಕಿಗೆ ಸುರಿಯಲು ಕರೆಯುತ್ತಿದ್ದ.

ಸುರಿದೆವು. ಗಾಳಿ ತೆಗೆದದ್ದಾಯಿತು. ಸ್ಟಾರ್ಟರ್ ಒತ್ತಿದರೆ ಟಿಕ್ ಎಂದಿತು ಅಷ್ಟೆ. ಬ್ಯಾಟರಿ ಸತ್ತಿತ್ತು.

"ಇನ್ನು ಇಳಿಜಾರೇ ಗತಿ" ಎಂದ ಜಯಪ್ಪ. "ಕಲ್ಲು ತೆಗೀರಿ, ಗೇರಲ್ಲಿ ಉರುಳಿಸ್ತೀನಿ. ಹತ್ಕಂಡ್ರೆ ಹತ್ಕಂತು. ಇಲ್ಲಾಂದ್ರೆ ಸೀದಾ ನೀರಿಗೆ."

ಇವರು ಕಲ್ಲು ಎಳೆದರು. ನಮ್ಮ ಇಡೀ ಮನೆ ಇಳಿಜಾರಿನಲ್ಲಿ ಉರುಳತೊಡಗಿತು. ನಾನು ಕಣ್ಣು ಮುಚ್ಚಿಕೊಂಡೆ. ಅರ್ಧ ಇಳಿಜಾರು ಹೋದ ಮೇಲೆ ಎಂಜಿನ್ ಕೆಮ್ಮಿತು, ಮತ್ತೆ ಕೆಮ್ಮಿ, ಕಪ್ಪು ಹೊಗೆ ಕಾರಿ ಗುಡುಗಿತು. ನೀರಿನ ಅಂಚಿನಲ್ಲಿ ಜಯಪ್ಪ ಬ್ರೇಕ್ ಒತ್ತಿ ನಿಲ್ಲಿಸಿದ. ಎಂಜಿನ್ ಮಾತ್ರ ನಿಲ್ಲಿಸುವ ಹಾಗಿರಲಿಲ್ಲ.

ಅಷ್ಟರಲ್ಲಿ ಮೋರಿಯ ಮೇಲೆ ಮೊಣಕಾಲುದ್ದ ನೀರು ಓಡುತ್ತಿತ್ತು. ಜಯಪ್ಪ ಟ್ರೇಲರ್ ನೋಡಿದ, ನೀರು ನೋಡಿದ, ತಲೆ ಅಲ್ಲಾಡಿಸಿದ.

"ಈ ಭಾರಕ್ಕೆ ಮೋರಿ ತಡೆಯಲ್ಲ ಮಂಜಣ್ಣ. ಬೆಳಿಗ್ಗೆ ಆಗಿದ್ರೆ ಬೇರೆ ಮಾತು. ಮರ ಇಳಿಸಿ. ಹಂಚಾದ್ರೂ ಉಳೀಲಿ."

ಇವರು ತುಂಬ ಹೊತ್ತು ಯೋಚಿಸಲಿಲ್ಲ. ಯೋಚಿಸಿದ್ದರೆ ಕೈ ಬರುತ್ತಿರಲಿಲ್ಲ. ಹಗ್ಗ ಬಿಚ್ಚಿ, ಪಾತ್ರೆಪಡಗ ಬದಿಗಿಟ್ಟು, ತೊಲೆಗಳನ್ನು ದೂಡಿದರು, ಆಮೇಲೆ ಕಂಬಗಳನ್ನು. ನಾನೂ ಒಂದು ತುದಿ ಹಿಡಿದೆ. ಅತ್ತೆಯ ಅತ್ತೆ ಎಣ್ಣೆ ಹಚ್ಚಿ, ಅತ್ತೆ ಎಣ್ಣೆ ಹಚ್ಚಿ, ನಾನು ಎಣ್ಣೆ ಹಚ್ಚಿ ಕಪ್ಪಾಗಿದ್ದ ಹಲಸಿನ ಕಂಬಗಳು. ಒಂದೊಂದಾಗಿ ಉರುಳಿ ನೀರಿಗೆ ಬಿದ್ದವು. ಅತ್ತೆ ಇಳಿಜಾರಿನ ಮೇಲೆ ನಿಂತು ಬಾಯಿಗೆ ಸೆರಗು ತುರುಕಿಕೊಂಡಿದ್ದರು. ಆ ಹೊತ್ತಿಗೆ ನನಗೆ ಅವರ ಮೇಲೆ ಎಂಥ ಸಿಟ್ಟು ಇತ್ತೆಂದರೆ, ಕಂಬದ ಜೊತೆ ಅವರನ್ನೂ ದೂಡಬೇಕು ಅನ್ನಿಸಿತ್ತು.

ಟ್ರ್ಯಾಕ್ಟರ್ ನೀರಿಗೆ ಇಳಿಯಿತು. ಇವರು ಮುಂದೆ ಕೋಲಿನಿಂದ ಮೋರಿಯ ಅಂಚು ಮುಟ್ಟಿ ಮುಟ್ಟಿ ದಾರಿ ತೋರಿಸುತ್ತಿದ್ದರು. ಹಿಂದೆ ನಾನು ಅತ್ತೆಯ ಕೈ ಹಿಡಿದು ನಡೆದೆ. ಮೋರಿಯ ನಡುವೆ ಬಂದದ್ದೇ ಅವರು ನಿಂತರು.

"ನೀ ಹೋಗು ಮೀನಾಕ್ಷಿ. ನಾ ತಿಳ್ದೇ ಹಾಕಿದ್ದು ಅಂತ ಅವಂಗೆ ಹೇಳ್ಬಿಡು. ನಾ ಬರಲ್ಲ."

"ನಡೀರಿ ಅತ್ತೆ, ಸೆಳೆತ ಐತೆ."

"ಗೋಡೆ ಆದ್ರೂ ಐತಲ್ಲೇ ಅಲ್ಲಿ."

"ಗೋಡೆ ನಾಳೆಗೆ ಕೆಸರಾಗ್ತೈತೆ!" ಎಂದು ಕಿರುಚಿದೆ. "ನಂಗೆಷ್ಟು ಸಿಟ್ಟು ಬಂದೈತೆ ಗೊತ್ತಾ ನಿಮ್ಗೆ? ಬಯ್ಯೋದು ವರ್ಷಕ್ಕಾಗೋಷ್ಟು ಐತೆ. ಯಾರಿಗೆ ಬಯ್ಲಿ ನಾನು, ನೀವಿಲ್ಲಿ ನಿಂತ್ರೆ? ನಿಮ್ಮ ಮಗ ಬಯ್ಸ್ಕಳಕ್ಕೂ ಬಾರದ ಮನುಷ್ಯ."

ಅವರು ಹಿಂದಕ್ಕೆ, ನೀರಿನ ಕಡೆ ನೋಡಿದರು. "ಕಂಬ ಹೋತಲ್ಲೇ."

"ಹೋತು. ನೀವೂ ಹೋಗ್ಬೇಡಿ."

ನನಗೇ ತಿಳಿಯದಂತೆ ಅತ್ತಿದ್ದೆ. ಅವರು ಇನ್ನೊಂದು ಕೈಯನ್ನೂ ಕೊಟ್ಟರು. ಎರಡೂ ಕೈ ಹಿಡಿದು, ಮಗುವನ್ನು ನಡೆಸುವಂತೆ ಹಿಂದು ಹಿಂದಾಗಿ ನಡೆಯುತ್ತಾ ಆ ದಡ ಮುಟ್ಟಿಸಿದೆ.

ದಡದಲ್ಲಿ ಟ್ರ್ಯಾಕ್ಟರ್ ಗುಡುಗುಡು ಎನ್ನುತ್ತಿತ್ತು. ಇವರು ಕೋಲು ಊರಿಕೊಂಡು ನಿಂತಿದ್ದರು. ನಡುನೀರಲ್ಲಿ ಎಂತಕ್ಕೆ ನಿಂತ್ರಿ ಎಂದು ಕೇಳಿದರು. ನಾನು ಕಾಲಿಗೆ ಮುಳ್ಳು ಎಂದೇನೋ ಹೇಳಲು ಹೊರಟೆ. ಅತ್ತೆ ನನ್ನ ಕೈ ಬಿಡಿಸಿಕೊಂಡು ಮಗನ ಎದುರು ನಿಂತರು.

"ಎತ್ತು ಅಂತ ಹಾಕಿದ್ದಲ್ಲ ಕಣೋ ಭತ್ತ. ನಿಲ್ಲಲಿ ಅಂತ ಹಾಕಿದ್ದು. ನಂಗೆ ಬರಕ್ಕೆ ಮನಸಿರ್ಲಿಲ್ಲ."

ಇವರು ತಾಯಿಯನ್ನು ನೋಡಲಿಲ್ಲ. ನೀರಿನಲ್ಲಿ ಸುತ್ತುತ್ತಾ, ಒಂದಕ್ಕೊಂದು ತಾಗುತ್ತಾ, ಗದ್ದೆಗಳಿದ್ದ ಕಡೆಗೆ ತೇಲಿಹೋಗುತ್ತಿದ್ದ ಕಂಬಗಳನ್ನೇ ನೋಡಿದರು. ಬಯ್ಯುತ್ತಾರೆ, ಕೋಲು ಎಸೆಯುತ್ತಾರೆ ಎಂದುಕೊಂಡೆ.

"ನಂಗೂ ಇರ್ಲಿಲ್ಲಮ್ಮ" ಎಂದರು.

ಜಯಪ್ಪ ಹತ್ತಿ ಹತ್ತಿ ಎಂದು ಕೂಗುತ್ತಿದ್ದ. ನಾನು ಮೊದಲು ಅತ್ತೆಯನ್ನು ಹಂಚಿನ ಮೇಲೆ ಕೂರಿಸಿದೆ. ಆಮೇಲೆ ಇವರ ರಟ್ಟೆ ಹಿಡಿದು ಎಳೆದೆ, ಇವರ ಕಾಲು ಏಳುತ್ತಿರಲಿಲ್ಲ.