ನಿಮಿಷಕ್ಕೆ ಎಂಬತ್ತು ಹನಿ

ಭಾನುವಾರವೆಂದರೆ ಉಳಿದವರಿಗೆ ರಜೆ, ನನಗೆ ಎಂಟು ಬಕೆಟ್. ನಾಲ್ಕು ಬಕೆಟ್ ಗಲೀಜು ನೀರು ಅಕ್ವೇರಿಯಂನಿಂದ ಬಚ್ಚಲಿಗೆ, ನಾಲ್ಕು ಬಕೆಟ್ ಒಳ್ಳೆಯ ನೀರು ಕೆಳಗಿನ ಮುನಿಸಿಪಾಲಿಟಿ ನಲ್ಲಿಯಿಂದ ಎರಡು ಮಹಡಿ ಮೇಲಕ್ಕೆ. ನಮ್ಮ ಮನೆಯೊಳಗೆ ಬರುವುದು ಬೋರ್‌ವೆಲ್ಲಿನ ಗಡಸು ನೀರು. ಅದರಲ್ಲಿ ಸೋಪಿನ ನೊರೆಯೇ ಬರುವುದಿಲ್ಲ, ಇನ್ನು ಮೀನು ಬದುಕೀತೇ? ಆರು ದಿನ ನರ್ಸಿಂಗ್ ಹೋಮಿನಲ್ಲಿ ನಿಂತೂ ನಿಂತೂ ಕಾಲು ಸೋತವಳು ಏಳನೆಯ ದಿನ ಬಕೆಟ್ ಹಿಡಿದು ಮೆಟ್ಟಿಲು ಹತ್ತುತ್ತಿದ್ದೆ. ಮೀನು ಸಾಕುವ ಹುಚ್ಚು ನನಗಂತೂ ಇಲ್ಲ. ಮೀನು ಅತ್ತೆಯದು.

ಅತ್ತೆಗೆ ಮೂರು ವರ್ಷದಿಂದ ಮರೆವಿನ ಕಾಯಿಲೆ. ಮೊದಲು ಕನ್ನಡಕ ಮರೆತರು, ಆಮೇಲೆ ದಾರಿ ಮರೆತರು, ಆಮೇಲೆ ನಮ್ಮನ್ನು. ಮಗನನ್ನು ಒಮ್ಮೊಮ್ಮೆ ಅಣ್ಣ ಎನ್ನುತ್ತಾರೆ, ನನ್ನನ್ನು 'ಏ ಇವಳೇ' ಎನ್ನುತ್ತಾರೆ. ನಾನು ಡ್ಯೂಟಿಗೆ ಆರೂವರೆಗೇ ಹೊರಡುವವಳು. ಬಸ್ ಓಡಿಸುವ ನಮ್ಮನೆಯವರು ಒಂಬತ್ತಕ್ಕೆ ಹೊರಟರೆ ನಾನು ವಾಪಸು ಬರುವುದು ಎರಡೂವರೆಗೆ. ಅಷ್ಟು ಹೊತ್ತು ಅತ್ತೆಯನ್ನು ಮೀನಿನ ತೊಟ್ಟಿಯ ಮುಂದೆ ಕೂರಿಸಿ, ಹೊರಗಿನಿಂದ ಬೀಗ ಹಾಕಿ, ಇನ್ನೊಂದು ಕೀಲಿಯನ್ನು ಕೆಳಗಿನ ಮನೆಯ ಟೈಲರಮ್ಮನ ಕೈಗೆ ಕೊಟ್ಟು ಹೋಗುತ್ತಿದ್ದೆವು. ನಾಚಿಕೆಯ ಮಾತು, ಆದರೆ ನಿಜ. ಮೀನು ಆಡುತ್ತಿರುವಷ್ಟು ಹೊತ್ತು ಅತ್ತೆ ಕುರ್ಚಿ ಬಿಟ್ಟು ಏಳುವುದಿಲ್ಲ ಎನ್ನುವುದೊಂದೇ ನಮ್ಮ ಧೈರ್ಯ.

ಚೆನ್ನಾಗಿದ್ದ ಕಾಲದಲ್ಲೂ ಅವರೇನು ಸುಲಭದ ಹೆಂಗಸಾಗಿರಲಿಲ್ಲ, ಬಿಡಿ. ಹದಿನೆಂಟು ವರ್ಷ ಒಂದೇ ಸೂರಿನಡಿ ಬಾಳಿದ್ದೇವೆ. ನಾನು ಮಾಡಿದ ಒಂದೇ ಒಂದು ಕೆಲಸಕ್ಕೆ 'ಪರವಾಗಿಲ್ಲ' ಎಂದವರಲ್ಲ. ನೀರಿನ ವಿಷಯದಲ್ಲಂತೂ ಮಹಾ ಜಿಪುಣಿ. ನಾನು ಪಾತ್ರೆ ತೊಳೆಯುವಾಗ ಬೆನ್ನ ಹಿಂದೆ ಬಂದು ನಿಂತು ನಲ್ಲಿ ಸಣ್ಣ ಮಾಡುತ್ತಿದ್ದರು. ಅವರು ತಿರುಪಿ ಮುಚ್ಚಿದ ನಲ್ಲಿ ಬಿಚ್ಚಲು ಮಗನೇ ಬರಬೇಕಿತ್ತು. ವಾಷರ್ ಬದಲಾಯಿಸಿ ಬದಲಾಯಿಸಿ ಪ್ಲಂಬರ್‌ಗೂ ನಮಗೂ ನೆಂಟಸ್ತನವೇ ಬೆಳೆದಿತ್ತು. ಈಗ ಅದೇ ಕೈಗೆ ಬಾಟಲಿಯ ಮುಚ್ಚಳ ತೆಗೆಯಲೂ ಗೊತ್ತಾಗುವುದಿಲ್ಲ.

ಹೋದ ತಿಂಗಳು ನನಗೆ ಸಾಲಾಗಿ ಮೂರು ಭಾನುವಾರ ಡ್ಯೂಟಿ ಬಿತ್ತು. ನೀರು ಬದಲಾಯಿಸಲಾಗಲಿಲ್ಲ. ತೊಟ್ಟಿ ಗಂಜಿಯ ಹಾಗೆ ಮಂಕಾಯಿತು, ಎಂಟು ಮೀನಿನಲ್ಲಿ ಎರಡು ಸತ್ತವು. ಅವತ್ತು ಅತ್ತೆ ಕುರ್ಚಿಯಿಂದ ಎದ್ದು ಬಾಗಿಲು ಬಡಿದರು. ಟೈಲರಮ್ಮ ಬಂದು ತೆಗೆಯುವಷ್ಟರಲ್ಲಿ ಎರಡೂ ಅಂಗೈ ಊದಿಕೊಂಡಿದ್ದವು. ನಾನು ಐಸ್ ಇಡುತ್ತ ಕೂತರೆ, ನಮ್ಮನೆಯವರು ಜೇಬಿನಿಂದ ಒಂದು ಫಾರಂ ತೆಗೆದು ಟೇಬಲ್ಲಿನ ಮೇಲಿಟ್ಟರು. ಇಂಥವರನ್ನು ನೋಡಿಕೊಳ್ಳುವ ಒಂದು ಆರೈಕೆ ಮನೆಯದು. ಒಂದನೇ ತಾರೀಖಿಗೆ ಒಂದು ಮಂಚ ಖಾಲಿಯಾಗುತ್ತದಂತೆ.

"ಇಬ್ಬರ ಸಹಿಯೂ ಬೇಕು," ಎಂದರು, ನನ್ನ ಮುಖ ನೋಡದೆ.

"ಮೀನಿಗೆ ನೀರು ಬದಲಾಯಿಸೋಕೆ ಆಗಲಿಲ್ಲ ಅಂತ ಅಮ್ಮನ್ನ ಕಳಿಸ್ತೀರಾ?"

"ಕಳಿಸೋದು ನಂಗೇನು ಖುಷಿನಾ?"

"ಒಂದನೇ ತಾರೀಖಿನವರೆಗೂ ಸುಮ್ನಿರಿ. ಏನಾದ್ರೂ ಮಾಡ್ತೀನಿ. ಅದೂ ಕೈಕೊಟ್ರೆ ನಾನೇ ಸಹಿ ಹಾಕ್ತೀನಿ," ಎಂದೆ. ಬಾಯಿಂದ ಮಾತು ಹೊರಟುಹೋಯಿತು. ಏನು ಮಾಡುತ್ತೇನೆಂದು ನನಗೂ ಗೊತ್ತಿರಲಿಲ್ಲ.

ಉಪಾಯ ಹೊಳೆದದ್ದು ಡ್ಯೂಟಿಯಲ್ಲಿ. ಪೇಷಂಟ್ ಒಬ್ಬರಿಗೆ ಡ್ರಿಪ್ಸ್ ಹಾಕಿ, ಗಡಿಯಾರ ನೋಡುತ್ತ ಹನಿ ಎಣಿಸುತ್ತಿದ್ದೆ. ಇಪ್ಪತ್ತು ವರ್ಷದಿಂದ ಮಾಡಿಕೊಂಡು ಬಂದ ಕೆಲಸ. ಮಲಗಿದವರಿಗೆ ಗೊತ್ತೇ ಆಗದ ಹಾಗೆ ಮೈಯೊಳಗೆ ಲೀಟರುಗಟ್ಟಲೆ ನೀರು ಇಳಿಸುತ್ತೇವಲ್ಲ, ಮೀನಿನ ತೊಟ್ಟಿಗೆ ಯಾಕಾಗಬಾರದು? ಹೊಸ ನೀರು ಹನಿಹನಿಯಾಗಿ ಬೀಳಲಿ, ಹೆಚ್ಚಾದಷ್ಟು ಹಳೆಯ ನೀರು ತಾನೇ ಹೊರಗೆ ಹೋಗಲಿ. ಬಕೆಟ್ ಇಲ್ಲ, ಕಲಕುವುದಿಲ್ಲ. ಎಲ್ಲಕ್ಕಿಂತ ಹೆಚ್ಚಾಗಿ, ತೊಟ್ಟಿಗೆ ನಾನು ಕೈಹಾಕಿದ ಕೂಡಲೇ "ಕಳ್ಳಿ, ಕಳ್ಳಿ, ನೀರು ಕದೀತಿದಾಳೆ" ಎಂದು ಅತ್ತೆ ಬೊಬ್ಬೆ ಹಾಕುವುದು ತಪ್ಪುತ್ತದೆ.

ಅವಧಿ ಮುಗಿದು ಎಸೆಯಲು ಇಟ್ಟಿದ್ದ ಒಂದು ಡ್ರಿಪ್ ಸೆಟ್ಟನ್ನು ಮೇಟ್ರನ್ ಹತ್ತಿರ ಕೇಳಿಯೇ ತಂದೆ. ಇಪ್ಪತ್ತು ಲೀಟರಿನ ಪ್ಲಾಸ್ಟಿಕ್ ಡ್ರಮ್ಮಿನ ಬುಡಕ್ಕೆ ಕಾಯಿಸಿದ ಸರಳಿನಿಂದ ತೂತು ಮಾಡಿ ಒಂದು ನಲ್ಲಿ ಕೂರಿಸಿದೆ. ನಲ್ಲಿಯ ಮೂತಿಗೆ ಡ್ರಿಪ್ ಸೆಟ್. ಡ್ರಮ್ಮನ್ನು ತೊಟ್ಟಿಯ ಪಕ್ಕದಲ್ಲಿ ಎತ್ತರದ ಸ್ಟೂಲಿನ ಮೇಲಿಟ್ಟು, ಪೈಪಿನ ತುದಿಯನ್ನು ನೀರಿನಿಂದ ನಾಲ್ಕು ಬೆರಳು ಮೇಲೆ ಕಟ್ಟಿದೆ. ನಮ್ಮನೆಯವರು ಸೊಂಟದ ಮೇಲೆ ಕೈಯಿಟ್ಟು ನೋಡಿದರು.

"ಯಾವ ಮೀನಿಗೆ ಜ್ವರ? ಯಾವ ವಾರ್ಡು?"

"ಬೇಗ ವಾಸಿಯಾಗೋದು ಮೀನಿಗೇ. ನಿಮಗೆ ಬೇರೆ ಡ್ರಿಪ್ಸ್ ತರಬೇಕು," ಎಂದೆ. ಇಬ್ಬರೂ ನಕ್ಕೆವು. ಬಹಳ ದಿನವಾಗಿತ್ತು ನಕ್ಕು.

ನೀರು ಒಳಗೆ ಬಿಡುವುದು ಸುಲಭ, ಹೊರಗೆ ಕಳಿಸುವುದೇ ಪೀಕಲಾಟ. ಮೊದಲ ದಿನ ಒಂದು ಪೈಪನ್ನು ತೊಟ್ಟಿಯಿಂದ ಹೊರಗಿಳಿಸಿ, ಬಾಯಲ್ಲಿ ಎಳೆದು ಬಚ್ಚಲಿಗೆ ಬಿಟ್ಟೆ. ಮೀನಿನ ಗಲೀಜು ಸೀದಾ ಗಂಟಲಿಗೆ. ಥೂ! ಅಷ್ಟಕ್ಕೇ ಮುಗಿಯಲಿಲ್ಲ, ಒಮ್ಮೆ ಹರಿಯಲು ಶುರುವಾದ ನೀರು ನಿಲ್ಲಲೊಲ್ಲದು. ಬಟ್ಟೆ ಒಣಗಹಾಕಿ ಬರುವಷ್ಟರಲ್ಲಿ ತೊಟ್ಟಿ ಅರ್ಧ ಖಾಲಿ, ಆರು ಮೀನೂ ಒಂದೇ ಮೂಲೆಯಲ್ಲಿ. ಅವತ್ತು ಮತ್ತೆ ಆರು ಬಕೆಟ್ ಹೊತ್ತೆ.

ಎರಡು ದಿನ ತಲೆ ಕೆರೆದುಕೊಂಡ ಮೇಲೆ ದಾರಿ ಕಂಡಿತು. ತೊಟ್ಟಿಯ ಹೊರಮೈಗೆ ಒತ್ತಿ ಒಂದು ಬಾಟಲಿ ಕಟ್ಟಿದೆ. ತೊಟ್ಟಿಯಲ್ಲಿ ನೀರು ಎಲ್ಲಿಗೆ ನಿಲ್ಲಬೇಕೋ ಅದೇ ಮಟ್ಟಕ್ಕೆ ಬಾಟಲಿಗೆ ತೂತು. ಪೈಪಿನ ಒಂದು ತುದಿ ತೊಟ್ಟಿಯೊಳಗೆ, ಇನ್ನೊಂದು ಬಾಟಲಿಯ ತಳದಲ್ಲಿ. ತೊಟ್ಟಿಯಲ್ಲಿ ನೀರು ಏರಿದರೆ ಬಾಟಲಿಯಲ್ಲೂ ಏರಿ ತೂತಿಗೆ ಸಿಕ್ಕಿಸಿದ ಇನ್ನೊಂದು ಪೈಪಿನಿಂದ ಬಚ್ಚಲಿಗೆ ಹೋಗುತ್ತದೆ, ಮಟ್ಟಕ್ಕೆ ಇಳಿದರೆ ತಾನಾಗಿ ನಿಲ್ಲುತ್ತದೆ. ಡ್ರಿಪ್ಪಿನ ಚಕ್ರ ತಿರುವಿ ನಿಮಿಷಕ್ಕೆ ಎಂಬತ್ತು ಹನಿಗೆ ನಿಲ್ಲಿಸಿದೆ. ದಿನಕ್ಕೆ ಹತ್ತಿರ ಹತ್ತಿರ ಆರು ಲೀಟರ್. ಡ್ಯೂಟಿಯಿಂದ ಬರುವಾಗ ಹೇಗೂ ಮೆಟ್ಟಿಲು ಹತ್ತಬೇಕು, ಕೈಯಲ್ಲೊಂದು ಕ್ಯಾನ್ ಇದ್ದರಾಯಿತು. ಕ್ಲೋರಿನ್ ವಾಸನೆ ಹೋಗಲು ಒಂದು ದಿನ ತೆರೆದಿಟ್ಟು ಡ್ರಮ್ಮಿಗೆ ಸುರಿದರಾಯಿತು. ಟಪ್, ಟಪ್ ಎಂದು ಹನಿ ಬೀಳುವುದನ್ನು ನೋಡುತ್ತ ನೆಲದ ಮೇಲೇ ಕೂತುಬಿಟ್ಟೆ. ಅತ್ತೆ ಕುರ್ಚಿಯಲ್ಲಿ ನನ್ನ ಪಕ್ಕದಲ್ಲೇ ಇದ್ದರು, ಡ್ರಮ್ಮನ್ನು ನೋಡುತ್ತ.

ಮಾರನೆಯ ದಿನ ಬಂದರೆ ಹನಿ ನಿಂತಿತ್ತು.

ಪೈಪಿನಲ್ಲಿ ಕಸ ಸಿಕ್ಕಿರಬೇಕೆಂದು ಬಿಚ್ಚಿ ತೊಳೆದೆ. ಕಸವಿರಲಿಲ್ಲ. ನಲ್ಲಿಯೇ ಮುಚ್ಚಿತ್ತು, ಎಂಥ ಬಿಗಿಯೆಂದರೆ ತೆರೆಯುವಷ್ಟರಲ್ಲಿ ಹೆಬ್ಬೆರಳು ಕೆಂಪಾಯಿತು. ಮತ್ತೆ ತೆರೆದೆ, ಮತ್ತೆ ಎಣಿಸಿದೆ. ಮಾರನೆಯ ದಿನವೂ ಮುಚ್ಚಿತ್ತು. ಬೆಳಗ್ಗೆ ಎದ್ದು ನೋಡಿದರೂ ಮುಚ್ಚಿತ್ತು. ಆರು ದಿನ ಹೀಗೇ ಆಯಿತು. ನೀರು ಮತ್ತೆ ಮಂಕಾಯಿತು, ಇನ್ನೊಂದು ಮೀನು ಹೊಟ್ಟೆ ಮೇಲಾಗಿ ತೇಲಿತು. ಒಂದನೇ ತಾರೀಖಿಗೆ ಉಳಿದದ್ದು ನಾಲ್ಕೇ ದಿನ. ನನ್ನ ಪಿತ್ತ ನೆತ್ತಿಗೇರಿತು. ಸಂಜೆ ನಮ್ಮನೆಯವರು ಚಪ್ಪಲಿ ಬಿಡುವುದಕ್ಕೂ ಬಿಡಲಿಲ್ಲ.

"ನೀವೇ ತಾನೇ ಮುಚ್ಚಿದ್ದು?"

"ಏನನ್ನ?"

"ನಲ್ಲೀನ. ಬೆರಳು ಕಿತ್ತು ಬರೋ ಹಾಗೆ ತಿರುಪಿದೀರ. ಈ ಮನೇಲಿ ಅಷ್ಟು ಶಕ್ತಿ ಇನ್ಯಾರಿಗಿದೆ? ಇದು ಕೆಟ್ರೆ ನಿಮ್ಮ ಫಾರಮ್ಮಿಗೆ ಸಹಿ ಬೀಳುತ್ತಲ್ಲ!"

"ತಲೆ ನೆಟ್ಟಗಿದೆಯೇನೇ ನಿಂಗೆ? ಅವಳು ನಮ್ಮಮ್ಮ."

"ಮತ್ತೆ ಫಾರಂ ತಂದೋರು ಯಾರು?"

"ನಾನೇ ತಂದೆ. ಇನ್ನೊಂದು ವರ್ಷ ಹಿಂಗೇ ಹೊತ್ರೆ ನೀನು ಸತ್ತುಹೋಗ್ತೀಯ ಅಂತ ತಂದೆ." ಹೀಗೆಂದು ಬಚ್ಚಲಿಗೆ ಹೋಗಿ ಸುಮ್ಮನೆ ಮುಖ ತೊಳೆದರು.

ಜಗಳವಾಡಲು ನನ್ನಲ್ಲೂ ತ್ರಾಣವಿರಲಿಲ್ಲ. ಸಾಕಪ್ಪಾ ಸಾಕು ಅನ್ನಿಸಿತು. ಫಾರಂ ಎಳೆದುಕೊಂಡು ಸಹಿ ಹಾಕಿದೆ. ನಿಜ ಹೇಳುತ್ತೇನೆ, ಹಾಕುವಾಗ ದುಃಖವಾಗಲಿಲ್ಲ. ಭಾರ ಇಳಿದ ಹಾಗಾಯಿತು. ಅವರೂ ಹಾಕಿದರು. ನಾಳೆ ಮಧ್ಯಾಹ್ನದ ಟ್ರಿಪ್ಪಿನಲ್ಲಿ ಆ ದಾರಿಯಲ್ಲೇ ಹೋಗುತ್ತೇನೆ, ಕೊಟ್ಟುಬರುತ್ತೇನೆ ಎಂದರು.

ಮಾರನೆಯ ದಿನ ಪೇಷಂಟ್ ಒಬ್ಬರನ್ನು ಮಗ್ಗುಲಿಗೆ ಹೊರಳಿಸುವಾಗ ನನ್ನ ಸೊಂಟ ಹಿಡಿದುಕೊಂಡಿತು. ನೆಟ್ಟಗೆ ನಿಲ್ಲಲೂ ಆಗದೆ ಗೋಡೆಗೆ ಒರಗಿದ್ದು ನೋಡಿ ಮೇಟ್ರನ್ ಹನ್ನೊಂದಕ್ಕೇ ಮನೆಗೆ ಕಳಿಸಿದರು. ದಿನಾ ನಾನು ಅಲ್ಲೇ ಯೂನಿಫಾರ್ಮ್ ಬಿಚ್ಚಿ ಬೇರೆ ಬಟ್ಟೆ ಹಾಕಿಕೊಂಡೇ ಬರುವುದು. ಹಿಂದೊಮ್ಮೆ ಯೂನಿಫಾರ್ಮಿನಲ್ಲೇ ಬಂದಾಗ ಅತ್ತೆ ನನ್ನನ್ನು ಯಾರೋ ಸಿಸ್ಟರ್ ಎಂದುಕೊಂಡು, ಬಿಪಿ ನೋಡಿ ಎಂದು ಕೈ ಚಾಚಿದ್ದರು. ಅದನ್ನು ನೋಡಿ ನನಗೆ ಒಂಥರಾ ಆಗಿತ್ತು. ಇವತ್ತು ಬಗ್ಗಿ ಬಟ್ಟೆ ಬದಲಾಯಿಸುವ ಸ್ಥಿತಿಯಿರಲಿಲ್ಲ. ಹಾಗೇ ಬಂದೆ. ನೋವಿಗೆ ಒಂದೊಂದೇ ಮೆಟ್ಟಿಲು ಹತ್ತಿ, ಸದ್ದಾಗದ ಹಾಗೆ ಬೀಗ ತೆಗೆದೆ.

ಅತ್ತೆ ಕುರ್ಚಿಯಲ್ಲಿರಲಿಲ್ಲ. ಡ್ರಮ್ಮಿನ ಮುಂದೆ ನಿಂತು, ಎರಡೂ ಕೈಯಿಂದ ನಲ್ಲಿ ಹಿಡಿದು, ಹಲ್ಲು ಕಚ್ಚಿ ತಿರುಪುತ್ತಿದ್ದರು. ಕೊನೆಯ ಹನಿ ನಿಂತಿತು. ಪೈಪಿನ ತುದಿಗೆ ಕಿವಿ ಇಟ್ಟು ಕೇಳಿದರು. ಸ್ಟೂಲಿನ ಮೇಲಿದ್ದ ತೇವವನ್ನು ಅಂಗೈಯಿಂದ ಒರೆಸಿದರು.

"ಅತ್ತೆ! ನೀವಾ ಇದನ್ನ ಮುಚ್ತಾ ಇದ್ದಿದ್ದು?" ನಾನು ಕಿರುಚಿಯೇಬಿಟ್ಟೆ. ಸಹಿ ಹಾಕಿದ್ದು, ಸತ್ತ ಮೀನು, ಗಂಡನಿಗೆ ಆಡಿದ ಮಾತು, ಎಲ್ಲದರ ಸಿಟ್ಟೂ ಒಟ್ಟಿಗೆ ಹೊರಬಂತು.

ಅವರು ತಿರುಗಿ, ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ಮೆಲ್ಲಗೆ ಮಾತಾಡಿ ಸಿಸ್ಟರ್. ಈ ಮನೇಲಿ ಒಬ್ಬರಿಗೂ ನಲ್ಲಿ ನೆಟ್ಟಗೆ ಮುಚ್ಚೋಕೆ ಬರಲ್ಲ. ಹಗಲೂ ರಾತ್ರಿ ಸೋರ್ತಾ ಇರುತ್ತೆ."

"ಸೋರ್ಲಿ ಬಿಡಿ. ಸ್ವಲ್ಪ ನೀರು ತಾನೇ?"

"ಸ್ವಲ್ಪಾನಾ?" ಅತ್ತೆಗೆ ಸಿಟ್ಟು ಬಂತು, ಆ ಹಳೆಯ ಸಿಟ್ಟು. "ಇದೇನು ಪುಕ್ಕಟೆ ಬಂದ ನೀರು ಅಂದ್ಕೊಂಡ್ರಾ? ನನ್ನ ಸೊಸೆ ಕೆಳಗಿಂದ ಹೊತ್ತು ತಂದಿದ್ದು. ಬಾಗಿಲ ಹತ್ರ ಬಂದು ಒಂದು ನಿಮಿಷ ನಿಂತ್ಕೊಳ್ತಾಳೆ ಅವಳು. ಉಸಿರಾಡೋದು ನಂಗಿಲ್ಲಿಗೆ ಕೇಳಿಸುತ್ತೆ. ಆಮೇಲೆ ಏನೂ ಆಗಿಲ್ಲ ಅನ್ನೋ ಹಾಗೆ ಒಳಗೆ ಬರ್ತಾಳೆ. ಇದೆಲ್ಲ ಸೋರಿಹೋದ್ರೆ ಮತ್ತೆ ಹೊರಬೇಕಲ್ಲ ಅವಳು?"

ಬಾಗಿಲ ಚೌಕಟ್ಟು ಹಿಡಿದುಕೊಂಡೆ.

"ನಿಮ್ಮ ಸೊಸೆ... ಹೇಗೆ?"

"ಬಾಯಿ ಜೋರು." ಅತ್ತೆ ಕುರ್ಚಿಗೆ ವಾಪಸು ಬಂದು ಕೂತರು. "ಬಾಯಿ ಬಹಳ ಜೋರು. ಆದ್ರೆ ಈ ಮನೆ ನಿಂತಿರೋದು ಅವಳಿಂದ. ಅವಳ ಮುಂದೆ ಹೇಳಬೇಡಿ ಮತ್ತೆ, ತಲೆ ಮೇಲೆ ಕೂರ್ತಾಳೆ." ಹೀಗೆಂದು, ಬಿಪಿ ನೋಡಿ ಎಂದು ಕೈ ಚಾಚಿದರು.

ಆ ಕೈ ಹಿಡಿದುಕೊಂಡು ಅತ್ತುಬಿಟ್ಟೆ. ಅವರಿಗೆ ಕಾಣದ ಹಾಗೆ ಅಳುವ ಅಗತ್ಯವಿರಲಿಲ್ಲ. ಅವರು ಆಗಲೇ ಮೀನಿನ ಕಡೆ ತಿರುಗಿಯಾಗಿತ್ತು. ಆಮೇಲೆ ಫೋನ್ ಮಾಡಿದೆ. ನಮ್ಮನೆಯವರು ಬಸ್ ನಿಲ್ಲಿಸಿ ಊಟ ಮಾಡುತ್ತಿದ್ದರು.

"ಫಾರಂ ಕೊಟ್ರಾ?"

"ಇಲ್ಲ, ಜೇಬಲ್ಲೇ ಇದೆ. ಯಾಕೆ?"

"ವಾಪಸು ತನ್ನಿ. ನಲ್ಲಿ ಮುಚ್ತಿದ್ದೋರು ಸಿಕ್ಕಿದ್ರು."

ಸಂಜೆ ಇಬ್ಬರೂ ಸೇರಿ ಡ್ರಮ್ಮಿನ ನಲ್ಲಿ ಕಿತ್ತುಹಾಕಿ, ಪೈಪನ್ನು ಸೀದಾ ಡ್ರಮ್ಮಿಗೇ ಜೋಡಿಸಿದೆವು. ಪೈಪಿನ ತುದಿಯನ್ನು ನೀರಿನೊಳಕ್ಕೆ ಇಳಿಸಿದೆ. ಈಗ ಹನಿಯ ಸದ್ದಿಲ್ಲ. ಅತ್ತೆ ಒಂದಿಷ್ಟು ಹೊತ್ತು ಕಿವಿಗೊಟ್ಟು, "ಅಂತೂ ಯಾರೋ ಸರಿಯಾಗಿ ಮುಚ್ಚಿದ್ರು," ಎಂದರು. ಹದಿನೈದು ದಿನದಲ್ಲಿ ನೀರು ತಿಳಿಯಾಯಿತು. ಐದು ಮೀನು ಉಳಿದಿವೆ.

ಸಹಿ ಹಾಕಿದ ಫಾರಂ ಕಪಾಟಿನಲ್ಲಿದೆ. ಹರಿದುಹಾಕಿಲ್ಲ, ನಾನೇನು ದೇವತೆಯಲ್ಲ. ಸೊಂಟಕ್ಕೆ ಬೆಲ್ಟ್ ಬಂದಿದೆ, ಕ್ಯಾನನ್ನು ಈಗ ನಮ್ಮನೆಯವರು ಹೊರುತ್ತಾರೆ, ಸುಸ್ತು ಹಾಗೇ ಇದೆ.

ಆದರೆ ಡ್ಯೂಟಿ ಮುಗಿದ ಮೇಲೆ ಯೂನಿಫಾರ್ಮ್ ಬಿಚ್ಚುವುದನ್ನು ಬಿಟ್ಟಿದ್ದೇನೆ. ಹಾಗೇ ಮನೆಗೆ ಬರುತ್ತೇನೆ. ಅತ್ತೆ ಕೈ ಚಾಚುತ್ತಾರೆ. ನಾಡಿ ಹಿಡಿದು, ಗಡಿಯಾರ ನೋಡುತ್ತ, "ನಿಮ್ಮ ಸೊಸೆ ಹೇಗಿದಾಳೆ?" ಎಂದು ಕೇಳುತ್ತೇನೆ. ಒಂದೊಂದು ದಿನ ಬೈಯುತ್ತಾರೆ. ಒಂದೊಂದು ದಿನ "ಪಾಪ, ಇನ್ನೂ ಬಂದಿಲ್ಲ," ಎಂದು ಬಾಗಿಲ ಕಡೆ ನೋಡುತ್ತಾರೆ. ನಿನ್ನೆ "ಯಾವ ಸೊಸೆ?" ಎಂದರು. ಇವತ್ತು ಮತ್ತೆ ಕೇಳಬೇಕು.