ಸೊಸೆಯರ ಬಾಯಿಗೆ ಬಾರದ ಹೆಸರು

ಕುದುರೆ, ಕುರಿ ಮೇಯಿಸುವ ನಮ್ಮ ಕೊಚ್ಕೋರ್ ಕಣಿವೆಯ ಕಡೆ ಗಂಡನ ಮನೆಯ ಹಿರಿಯರ ಹೆಸರನ್ನು ಸೊಸೆ ಬಾಯಿಬಿಟ್ಟು ಹೇಳುವಂತಿಲ್ಲ. ಮನೆಯಲ್ಲೇ ಹುಟ್ಟಿದ ಹೆಣ್ಣುಮಕ್ಕಳಿಗೆ ಅಡ್ಡಿಯಿಲ್ಲ, ಬಂದವರಿಗೆ ಮಾತ್ರ ಈ ಬೀಗ. ನಮ್ಮ ಓಣಿಯವರೆಲ್ಲ ಒಂದೇ ಕುಲದವರು. ಹಾಗಾಗಿ ನನ್ನ ಗಂಡ ಮಕ್ಸಾತನ ಅಜ್ಜನ ಹೆಸರು ಇಡೀ ಓಣಿಯ ಸೊಸೆಯರಿಗೆ ನಿಷಿದ್ಧ. ನಾವೆಲ್ಲ ಅವರನ್ನು ‘ಬಿಳಿಗಡ್ಡದವರು’ ಎನ್ನುತ್ತಿದ್ದೆವು.

ಆ ಹೆಸರಾದರೂ ಎಂಥದ್ದು! ಕುದುರೆಗಳ ಹಾಲು ಹಿಂಡುತ್ತಿದ್ದಾಗಲೇ ನೋವು ಬಂದು ಹೆತ್ತ ತಾಯಿ, ಆಗ ತಾನೇ ಹಿಂಡಿದ ಕುದುರೆ ಹಾಲಿನ ಹೆಸರನ್ನೇ ಮಗನಿಗಿಟ್ಟಳು. ಗಂಡಿಗೂ ಇಡಬಹುದು, ಹೆಣ್ಣಿಗೂ ಇಡಬಹುದು. ಆದರೆ ಎಂಬತ್ತು ವರ್ಷ ಯಾರೂ ಯಾರಿಗೂ ಇಡಲಿಲ್ಲ. ಶಾಲೆಯಲ್ಲಿ ಹುಡುಗರು “ಏನೋ, ಕೆನೆ ಕಟ್ತಾ?” ಎಂದು ಕಾಡುತ್ತಿದ್ದರಂತೆ. ಸೈನ್ಯದಲ್ಲಿ ರಷ್ಯದ ಅಧಿಕಾರಿ ನಾಲಿಗೆ ಹೊರಳದೆ ಬೇಸತ್ತು ‘ಸಾಷಾ’ ಎಂದು ಕರೆದು ಕೈತೊಳೆದುಕೊಂಡನಂತೆ.

ಹೆಸರಿಗೆ ಶುಕ್ರದೆಸೆ ಬಂದದ್ದು ಅಜ್ಜ ಸಾಯದೆ ಉಳಿದದ್ದರಿಂದ. ಓರಗೆಯವರೆಲ್ಲ ಮಣ್ಣಾದರು. ಇವರು ಅಷ್ಟು ವಯಸ್ಸಿನಲ್ಲಿ ಕುದುರೆಯಿಂದ ಬಿದ್ದು, ಎದ್ದು, ಕುದುರೆಯ ವಂಶವನ್ನೆಲ್ಲ ಬೈದು, ಮತ್ತೆ ಹತ್ತಿ ಹೊರಟೇಬಿಟ್ಟರು. ಅದೇ ವಾರ ಎದುರುಮನೆಯಲ್ಲಿ ಉಳಿಯುವುದೇ ಕಷ್ಟ ಎಂಬಂಥ ಕೂಸು ಹುಟ್ಟಿತ್ತು. ಅಜ್ಜನ ಆಯಸ್ಸು ಅದಕ್ಕೂ ಬರಲಿ ಎಂದು ಅವರ ಹೆಸರಿಟ್ಟರು. ಬೇಸಿಗೆ ಮುಗಿಯುವಷ್ಟರಲ್ಲಿ ಕೂಸು ಕುರಿಮರಿಯಂತೆ ದುಂಡಗಾಯಿತು. ಇನ್ನು ಕೇಳಬೇಕೆ? ಓಣಿಯಲ್ಲಿ ಹುಟ್ಟಿದ ಗಂಡಿಗೂ ಅದೇ ಹೆಸರು, ಹೆಣ್ಣಿಗೂ ಅದೇ ಹೆಸರು. ಪ್ರತಿ ನಾಮಕರಣದಲ್ಲೂ ಬೇಯಿಸಿದ ಕುರಿಯ ತಲೆ ಅಜ್ಜನಿಗೆ ಮೀಸಲು. ಅವರೂ ಬೇಡ ಎನ್ನುವ ಆಸಾಮಿಯಲ್ಲ.

ಇಷ್ಟೆಲ್ಲ ಸಂಭ್ರಮದ ನಡುವೆ, ಹೆತ್ತವಳು ತನ್ನ ಮಗುವನ್ನು ಕರೆಯುವುದು ಹೇಗೆ ಎಂಬುದು ಮಾತ್ರ ಯಾವ ಹಿರೀಕರಿಗೂ ಹೊಳೆಯಲಿಲ್ಲ.

ಲಸಿಕೆ ಹಾಕಲು ಬಂದ ಹೊಸ ನರ್ಸಮ್ಮ ಪಕ್ಕದ ಮನೆಯ ಗುಲ್ಜಾನಳನ್ನು ಕೇಳಿದಳು: “ಮಗು ಹೆಸರೇನು?”

ಗುಲ್ಜಾನ್ ತೊಡೆಯ ಮೇಲಿದ್ದ ಹಾಲುಗೂಸನ್ನು ತಿವಿದಳು. “ಕೇಳ್ತಾ ಇದಾರಲ್ಲ, ಹೇಳು.”

“ಅದಕ್ಕೆ ಹಲ್ಲೇ ಬಂದಿಲ್ಲ ಕಣಮ್ಮ! ನೀನು ಹೇಳು.”

“ನಂಗೆ ಬರಲ್ಲ.”

“ನಿನ್ನ ಮಗು ಹೆಸರು ನಿಂಗೆ ಬರಲ್ವಾ?”

ಕೊನೆಗೆ ಬೀದಿಯಲ್ಲಿ ಹೋಗುತ್ತಿದ್ದ ನಮ್ಮ ಕುಲದ ಹುಡುಗಿಯೊಬ್ಬಳನ್ನು ಹಿಡಿದು ತಂದು ಹೇಳಿಸಬೇಕಾಯಿತು. “ಸಾಮಲ್,” ಎಂದಳು ಅವಳು. ನರ್ಸಮ್ಮ ಸಾಲಿನಲ್ಲಿದ್ದ ಮುಂದಿನವಳನ್ನು ಕೇಳಿದಳು. ಆ ಹುಡುಗಿಯೇ ಆಕಳಿಸುತ್ತಾ ಹೇಳಿದಳು: “ಅದೂ ಸಾಮಲ್ಲೇ. ಅದರ ಪಕ್ಕದ್ದೂ.”

ನಾನು ಆಗ ತುಂಬು ಬಸುರಿ. ನಕ್ಕೂ ನಕ್ಕೂ ಹೊಟ್ಟೆ ಹಿಡಿದುಕೊಂಡೆ. ಮನೆಗೆ ಬಂದಾಗ, ನಾನು ‘ಅಪಾ’ ಎಂದು ಕರೆಯುವ ಅತ್ತೆ ನನ್ನ ನಗು ಇಳಿಸಿದರು.

“ಗಂಡಾಗ್ಲಿ ಹೆಣ್ಣಾಗ್ಲಿ, ಬಿಳಿಗಡ್ಡದವ್ರ ಹೆಸರೇ. ಊರವ್ರ ಮಕ್ಕಳೆಲ್ಲ ಅವರ ಆಯಸ್ಸು ಹಂಚ್ಕೋತಾ ಇದಾವೆ, ನಮ್ಮನೇ ಕೂಸಿಗೆ ಬೇಡ್ವಾ?”

“ಯಾವ ಹೆಸರು ಅಪಾ? ಒಂದ್ಸಲ ನಿಮ್ಮ ಬಾಯಲ್ಲೇ ಹೇಳಿ, ಕೇಳಿಸ್ಕೋತೀನಿ.”

ಅತ್ತೆಯೂ ಈ ಮನೆಗೆ ಸೊಸೆಯಾಗಿ ಬಂದವರೇ ಅಲ್ಲವೇ. ಬಾಯಿ ತೆರೆದರು, ಮುಚ್ಚಿದರು. “ನಾಲಿಗೆ ಮೊಳದುದ್ದ ಬೆಳ್ಸ್ಕೊಂಡಿದೀಯ. ಅದೇ ಕಣೆ... ಅದು!” ಎಂದು ಹಿಟ್ಟು ನಾದಲು ಹೋದರು.

ಮಕ್ಸಾತನ ಬಳಿ ಹೋಗಿ ಅತ್ತುಬಿಟ್ಟೆ. ಅವನು ಸಮಾಧಾನದ ಮಾತಾಡಿದ: “ಇದೊಂದಕ್ಕೆ ಆಗ್ಲಿ ಬಿಡು ಕನೀಶಾಯ್. ಮುಂದಿನ ಮಗುಗೆ ನಿಂಗಿಷ್ಟ ಬಂದ ಹೆಸರಿಡೋಣ.”

“ಮುಂದಿನದನ್ನ ನೀನೇ ಹೆರು,” ಎಂದೆ.

ತಮಾಷೆಗೆ ಹೇಳುತ್ತಿದ್ದೇನೆ, ಆದರೆ ನನಗೆ ನಿಜಕ್ಕೂ ಸಂಕಟವಾಗಿತ್ತು. ಹೊತ್ತು ಹೆತ್ತವಳಿಗೆ ಕೂಸನ್ನು ಹೆಸರು ಹಿಡಿದು ಕರೆಯುವ ಹಕ್ಕೂ ಇಲ್ಲವೇ? ಮಗಳು ಹುಟ್ಟಿದಳು. ಅಜ್ಜ ಅವಳನ್ನೆತ್ತಿಕೊಂಡು ಅಜಾನ್ ಹೇಳಿ, ಕಿವಿಯಲ್ಲಿ ತಮ್ಮದೇ ಹೆಸರನ್ನು ಉಸುರಿ, ಕುರಿಯ ತಲೆಯ ಕಡೆ ತಿರುಗಿದರು. ನಾನು ಗೋಡೆಯ ಕಡೆ ತಿರುಗಿ ಮಲಗಿದೆ.

ಮಗಳನ್ನು ‘ಮರಿ’ ಎಂದು ಕರೆಯತೊಡಗಿದೆ. ಗುಲ್ಜಾನ್ ತನ್ನವನನ್ನು ‘ದುಂಡ’ ಎನ್ನುತ್ತಿದ್ದಳು, ಎದುರುಮನೆಯವಳು ‘ಏ ಗೊಣ್ಣೆ’ ಎನ್ನುತ್ತಿದ್ದಳು. ಮಕ್ಕಳು ನಮ್ಮ ಮಾತಿಗೆ ಕಿವಿಗೊಡುತ್ತಲೇ ಇರಲಿಲ್ಲ. ಅಪ್ಪಂದಿರು, ಸೋದರತ್ತೆಯರು ನಿಜವಾದ ಹೆಸರು ಹಿಡಿದು ಕರೆದರೆ ಮಾತ್ರ ಓಡುತ್ತಿದ್ದವು. ಹೊಟ್ಟೆ ಉರಿಯುತ್ತಿತ್ತು.

ಮಗಳು ಚೆನ್ನಾಗಿ ಓಡಾಡಲು ಕಲಿತ ಮೇಲಿನ ಮಾತು. ಒಂದು ಸಂಜೆ ನೆಂಟನೊಬ್ಬ ತನ್ನ ಕೊಬ್ಬಿದ ಗಂಡುಕುದುರೆಯನ್ನು ನಮ್ಮ ಬಾಗಿಲಲ್ಲಿ ಕಟ್ಟಿ ಒಳಗೆ ಹೋಗಿದ್ದ. ನಾನು ಬಟ್ಟೆ ಒಣಹಾಕುತ್ತಿದ್ದೆ. ತಿರುಗಿ ನೋಡಿದರೆ, ಮಗಳು ಕೈಯಲ್ಲೊಂದು ರೊಟ್ಟಿಚೂರು ಹಿಡಿದು ಕುದುರೆಯ ಹಿಂಗಾಲಿನ ಕಡೆಗೇ ನಡೆದಿದ್ದಾಳೆ. ಕುದುರೆ ಕಿವಿ ಹಿಂದಕ್ಕೆ ಮಡಚಿತ್ತು.

“ಮರೀ! ಮರೀ!” ಎಂದೆ. ಅವಳು ತಿರುಗಲಿಲ್ಲ.

“ಸಾಮಲ್!”

ಮಗಳು ನಿಂತಲ್ಲೇ ನಿಂತು ತಿರುಗಿದಳು. ಓಣಿಯಲ್ಲಿ ಆಡುತ್ತಿದ್ದ ಅಷ್ಟೂ ಸಾಮಲ್‌ಗಳು ತಿರುಗಿದವು. ಎಷ್ಟು ಕರೆದರೂ ಕಿವುಡರಂತೆ ಕೂತಿರುತ್ತಿದ್ದ ಅಜ್ಜ, ಗೋಡೆಯ ಬದಿಯ ಬೆಂಚಿನಿಂದ ಎಳೆಹುಡುಗನಂತೆ “ಓ!” ಎಂದರು.

ನಾನು ಓಡಿ ಮಗಳನ್ನು ಬಾಚಿಕೊಂಡೆ. ಅತ್ತೆ ಹಿಟ್ಟಿನ ಕೈಯಲ್ಲೇ ಹೊರಬಂದರು. “ಮಾನ ಮರ್ಯಾದೆ ಇಲ್ವೇನೆ? ಹಿರೀಕರ ಹೆಸರನ್ನ ಬೀದೀಲಿ ಕೂಗ್ತೀಯಾ!”

ಅಜ್ಜನ ಮುಂದೆ ಹೋಗಿ ತಲೆಬಾಗಿ ನಿಂತೆ. “ತಪ್ಪಾಯ್ತು, ಅತಾ.”

“ನೀನಾ ಕೂಗಿದ್ದು?”

“ಹೂಂ, ಅತಾ.”

ಅವರ ಗಡ್ಡ ಅದುರುತ್ತಿತ್ತು. “ನನ್ನ ಹೆಂಡ್ತಿ ಸಾಯೋವರೆಗೂ ‘ಏ, ಇಲ್ಲಿ ಕೇಳಿ’ ಅಂತಾನೇ ಕರೆದ್ಲು ಮಗಾ. ಸೊಸೇರು ‘ಬಿಳಿಗಡ್ಡ’ ಅಂದ್ರು. ಮನೆ ಬಾಗ್ಲಲ್ಲಿ ನಿಂತು ಹಿಂಗೆ ಎದೆ ಒಡ್ಕೊಂಡು ಕೂಗಿದ್ದು ನಮ್ಮವ್ವ ಒಬ್ಳೇ. ಅವಳೇ ಬಂದ್ಲೇನೋ ಅಂದ್ಕೊಂಡೆ.”

ನನ್ನ ಮಗಳ ಹೆಸರನ್ನು ಕಿತ್ತುಕೊಂಡವರೆಂದು ಇಷ್ಟು ದಿನ ಒಳಗೊಳಗೇ ಇವರನ್ನು ಶಪಿಸಿದ್ದೆ.

“ಇನ್ನೊಂದ್ಸಲ ಕೂಗು. ಸೈರಾ, ನೀನೂ ಬಾ. ನೀನೂ ಕರಿ,” ಎಂದರು ಅಜ್ಜ.

ಅತ್ತೆಯ ಮುಖ ಬೀಟ್‌ರೂಟಿನಂತಾಯಿತು. ಮುಸುಕು ಸರಿಪಡಿಸಿಕೊಂಡರು, ಕೆಮ್ಮಿದರು, ಆಕಾಶ ನೋಡಿದರು. ಕೊನೆಗೆ ಇಲಿಮರಿಯ ದನಿಯಲ್ಲಿ, “ಸಾಮಲ್...” ಎಂದರು.

“ಓ!” ಎಂದರು ಅಜ್ಜ.

ಆಮೇಲೆ ನಾನು ಕೂಗಿದೆ. ಬೇಲಿಯಾಚೆಯಿಂದ ಎಲ್ಲ ಕೇಳಿಸಿಕೊಳ್ಳುತ್ತಿದ್ದ ಗುಲ್ಜಾನ್ ಅಳುತ್ತಾ ನಗುತ್ತಾ ತನ್ನ ಮಗನನ್ನು ಕೂಗಿದಳು. ಎದುರುಮನೆಯವಳು ಕೂಗಿದಳು. ಕತ್ತಲಾಗುವವರೆಗೂ ಓಣಿಯ ಸೊಸೆಯರೆಲ್ಲ ಕೆಲಸವಿದ್ದರೂ ಇಲ್ಲದಿದ್ದರೂ ಮಕ್ಕಳನ್ನು ಕರೆದದ್ದೇ ಕರೆದದ್ದು. ಅಜ್ಜನನ್ನು ಊಟಕ್ಕೆ ಎಬ್ಬಿಸಲು ಹೋದೆ. ಅವರು ಸುಮ್ಮನಿರು ಎಂದು ಕೈ ತೋರಿಸಿ, ಪ್ರತಿ ಕೂಗಿಗೂ ಓಗೊಡುತ್ತಾ ಅಲ್ಲೇ ಕೂತಿದ್ದರು.