ಎರಡು ಹೊಸ ಟೈರು

ಮಾಚೇನಹಳ್ಳಿ ಹತ್ತಿರ ಕಾರು ಎಡಕ್ಕೆ ಎಳೆಯತೊಡಗಿದಾಗ ವಿಮಲಾ ಮೊದಲು ತನ್ನ ಕೈಯನ್ನೇ ಅನುಮಾನಿಸಿದಳು. ಲೈಸೆನ್ಸು ಮಾಡಿಸಿ ಇಪ್ಪತ್ತು ವರ್ಷವಾಗಿದ್ದರೂ ಅವಳು ಸ್ಟೇರಿಂಗ್ ಹಿಡಿದು ಆರು ತಿಂಗಳಷ್ಟೇ ಆಗಿತ್ತು. ಪಕ್ಕದ ಸೀಟಿನಲ್ಲಿದ್ದ ಗಂಡ ನರಸಿಂಹಮೂರ್ತಿ ಎಡಗೈಯಿಂದ ಡ್ಯಾಶ್‌ಬೋರ್ಡ್ ತಟ್ಟಿ "ಅದೇ, ಅದೇ" ಎಂದರು. ಪಕ್ಕಕ್ಕೆ ನಿಲ್ಲಿಸಿ ಇಳಿದು ನೋಡಿದರೆ ಮುಂದಿನ ಎಡಗಡೆಯ ಟೈರು ನೆಲಕ್ಕೆ ಕೂತಿತ್ತು.

ಪುಣ್ಯಕ್ಕೆ ಪಂಕ್ಚರ್ ಅಂಗಡಿ ದೂರವಿರಲಿಲ್ಲ. ಅಂಗಡಿಯವನು ಬಂದು ಟೈರಿನ ಮೇಲೆ ಅಂಗೈ ಸವರಿ ತಲೆಯಾಡಿಸಿದ.

"ಪಂಕ್ಚರ್ ಹಾಕೋಕೆ ಇದರಲ್ಲಿ ರಬ್ಬರ್ ಎಲ್ಲಿದೆ ಅಮ್ಮಾ? ತಂತಿ ಕಾಣ್ತಾ ಇದೆ ನೋಡಿ. ಮುಂದಿನವೆರಡೂ ಮುಗಿದುಹೋಗಿದಾವೆ. ಹಿಂದಿನವನ್ನ ಹೆಂಗೋ ಇನ್ನೊಂದು ಆರು ತಿಂಗಳು ತಳ್ಳಬಹುದು. ಈಗ ಸ್ಟೆಪ್ನಿ ಹಾಕಿ ಕಳಿಸ್ತೀನಿ, ಆದ್ರೆ ಈ ಮಳೇಲಿ ಇದನ್ನ ನಂಬ್ಕೊಂಡು ಓಡಾಡ್ಬೇಡಿ."

ವಿಮಲಾ ಭದ್ರಾವತಿಯ ಹೈಸ್ಕೂಲೊಂದರಲ್ಲಿ ಸಂಸ್ಕೃತ ಮೇಡಂ. ಮೂರ್ತಿಯವರು ಕಾಗದನಗರದ ಕಾರ್ಖಾನೆಯಲ್ಲಿ ಯಂತ್ರಗಳ ಅಳತೆಯ ಮೀಟರುಗಳನ್ನು ನೋಡಿಕೊಳ್ಳುತ್ತಿದ್ದವರು. ಕಾರ್ಖಾನೆ ನಿಂತ ಮೇಲೆ ಮಾಚೇನಹಳ್ಳಿಯ ಒಂದು ವರ್ಕ್‌ಶಾಪಿಗೆ ಹೋಗುತ್ತಿದ್ದರು. ಹದಿನೆಂಟು ವರ್ಷದ ಹಳೆಯ ಎಸ್ಟೀಮ್ ಕಾರು ಅವರದು. ಪ್ರತಿ ಭಾನುವಾರ ತಮ್ಮದೇ ಗೇಜು ಹಿಡಿದು ನಾಲ್ಕೂ ಟೈರಿನ ಗಾಳಿ ನೋಡುತ್ತಿದ್ದರು. ಯಾವ ಟೈರು, ಯಾವ ಆಯಿಲ್ಲು ಎಂದು ವಿಮಲಾ ಒಂದು ದಿನವೂ ಕೇಳಿದವಳಲ್ಲ. ಕಾರಿನದು ಅವರಿಗೆ, ಅಡುಗೆಮನೆ ಮತ್ತು ಬ್ಯಾಂಕಿನದು ಇವಳಿಗೆ ಎಂದು ಮದುವೆಯಾದ ಹೊಸದರಲ್ಲೇ ಪಾಲಾಗಿತ್ತು.

ಕಳೆದ ಕಾರ್ತಿಕದ ಒಂದು ಬೆಳಗ್ಗೆ ಗಡ್ಡ ಹೆರೆದುಕೊಳ್ಳುತ್ತ ನಿಂತಿದ್ದವರು ಕನ್ನಡಿಯ ಮುಂದೆಯೇ ಕುಸಿದರು. ಬಲಗೈ, ಬಲಗಾಲು ಸೋತವು. ಕೋಲು ಹಿಡಿದು ನಾಲ್ಕು ಹೆಜ್ಜೆ ಇಡುವಷ್ಟು ಕಾಲು ವಾಪಸು ಬಂತು, ಮಾತು ಬರಲಿಲ್ಲ. ಉಳಿದದ್ದು "ಅದೇ" ಎಂಬ ಒಂದು ಪದ. ನೀರು ಬೇಕೆಂದರೂ ಅದೇ, ಬೇಡವೆಂದರೂ ಅದೇ. ಸಿಟ್ಟಿಗೂ ಅದೇ, ಟೀವಿಯಲ್ಲಿ ಯಾರಾದರೂ ಔಟಾದರೂ ಅದೇ. ಹೌದೋ ಅಲ್ಲವೋ ಎಂದು ಕೇಳಿದರೆ ತಲೆಯೂ ಮೋಸ ಮಾಡುತ್ತಿತ್ತು, ಎರಡಕ್ಕೂ ಆಡುತ್ತಿತ್ತು. ಎಡಗೈಗೆ ಪೆನ್ನು ಕೊಟ್ಟರೆ ಗೀಟು ಎಳೆದು, ಎಳೆದದ್ದನ್ನು ತಾವೇ ನೋಡಿ, ಕಾಗದವನ್ನು ತಳ್ಳಿಬಿಡುತ್ತಿದ್ದರು. ಬಸ್ಸಿನ ಮೆಟ್ಟಿಲು ಹತ್ತಲಾಗದ ಅವರನ್ನು ಪ್ರತಿ ಶನಿವಾರ ಶಾಲೆ ಮುಗಿಸಿಕೊಂಡು ಶಿವಮೊಗ್ಗಕ್ಕೆ, ಮಾತು ಕಲಿಸುವ ಸುಪ್ರಿಯಾ ಹತ್ತಿರ ಕರೆದುಕೊಂಡು ಹೋಗಲೆಂದೇ ವಿಮಲಾ ಕಾರು ಓಡಿಸತೊಡಗಿದ್ದು.

ಅವತ್ತು ಸ್ಟೆಪ್ನಿಯಲ್ಲೇ ಶಿವಮೊಗ್ಗ ಮುಟ್ಟಿ, ತರಬೇತಿ ಮುಗಿದ ಮೇಲೆ ಸುಪ್ರಿಯಾ ಅವಳನ್ನು ಬಾಗಿಲ ಹೊರಗೆ ಕರೆದು ಹೇಳಿದಳು:

"ಮೇಡಂ, ಅವರಿಗೆ ಎಲ್ಲಾ ಅರ್ಥ ಆಗುತ್ತೆ. ಹೊರಗೆ ಬರೋ ದಾರಿ ಕಟ್ಟಿದೆ ಅಷ್ಟೆ. ಮನೆ ತೀರ್ಮಾನ ಎಲ್ಲಾ ನೀವೊಬ್ರೇ ತಗೊಳ್ಬೇಡಿ. ಅವರನ್ನೂ ಕೇಳಿ. ಕೇಳಿ ಸ್ವಲ್ಪ ಕಾಯಿರಿ."

ಟೈರಿಗಿಂತ ಒಳ್ಳೆಯ ವಿಷಯ ಇನ್ನೇನಿದೆ ಎಂದುಕೊಂಡಳು ವಿಮಲಾ. ಸೀದಾ ಬಿ.ಎಚ್. ರಸ್ತೆಯ ಟೈರಿನಂಗಡಿಯ ಮುಂದೆ ಕಾರು ನಿಲ್ಲಿಸಿದಳು.

ಅಂಗಡಿಯ ವಿಜಯೇಂದ್ರ ಒಳ್ಳೆಯ ಮನುಷ್ಯನೇ. ಮೂರ್ತಿಯವರಿಗೆ ತಾನೇ ಪ್ಲಾಸ್ಟಿಕ್ ಕುರ್ಚಿ ತಂದು ಹಾಕಿದ. ಆಮೇಲೆ ಒಂದೊಂದೇ ಟೈರು ಉರುಳಿಸಿಕೊಂಡು ಬಂದು ನಿಲ್ಲಿಸಿದ. ಹೆಸರಾದ ಕಂಪನಿಯದು ಒಂದು. ಹೆಸರೇ ಕೇಳಿರದ, ಆದರೆ ಹೊಸದೇ ಆದ ಇನ್ನೊಂದು. ಬೇರೆ ಕಾರಿನಿಂದ ಬಿಚ್ಚಿದ, ಗೀರು ಇನ್ನೂ ಆಳವಾಗಿಯೇ ಇದ್ದ ಮತ್ತೊಂದು.

"ಹದಿಮೂರು ಇಂಚಿನದು ಈಗ ಜಾಸ್ತಿ ಬರಲ್ಲ ಮೇಡಂ. ದುಡ್ಡು ಉಳೀಬೇಕು ಅಂದ್ರೆ ಈ ಸೆಕೆಂಡ್ಸ್ ತಗೊಳಿ. ಬಾಳಿಕೆ ಬೇಕು ಅಂದ್ರೆ ಆ ಕಂಪನೀದು. ನಡುವಿಂದು ನಡುವೇ."

"ಯಾವುದು ಒಳ್ಳೇದು?"

"ಎಲ್ಲಾ ಒಳ್ಳೇದೇ ಮೇಡಂ, ನಿಮ್ಮ ಬಜೆಟ್ ನೋಡಿ."

ಟೈರಿನ ಪಕ್ಕದಲ್ಲಿದ್ದ ಅಂಕಿ ಅಕ್ಷರಗಳನ್ನು ವಿಮಲಾ ಬಗ್ಗಿ ಓದಿದಳು. ಓದಲು ಬಂತು, ಏನೂ ತಿಳಿಯಲಿಲ್ಲ. ನಾಲ್ಕೂ ಹೊಸದು ಹಾಕಿಸುವ ಶಕ್ತಿ ಆ ತಿಂಗಳಂತೂ ಇರಲಿಲ್ಲ. ಅವಳು ಗಂಡನ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕೂತು ಕೇಳಿದಳು: "ಯಾವುದು ತಗೊಳ್ಳೋಣ ರೀ? ನೀವೇ ಹೇಳ್ಬೇಕು. ನಂಗೊಂದೂ ಗೊತ್ತಾಗಲ್ಲ."

ಅವರು ಎಡಗೈ ಚಾಚಿದರು. ಮೊದಲು ಸೆಕೆಂಡ್ಸ್ ಟೈರನ್ನು ಮುಟ್ಟಿದರು. ಅದರ ಪಕ್ಕದಲ್ಲಿ ಅಚ್ಚಾಗಿದ್ದ ನಾಲ್ಕು ಅಂಕಿಗಳ ಮೇಲೆ ಹೆಬ್ಬೆರಳು ಒರೆಸಿ, ಮುಖ ಸೊಟ್ಟ ಮಾಡಿ ಟೈರನ್ನು ದೂರ ತಳ್ಳಿದರು. ಅದು ಉರುಳಿ ಗೋಡೆಗೆ ತಗುಲಿ ಬಿತ್ತು. "ತಯಾರಾದ ವರ್ಷದ ನಂಬರ್ ಅದು. ಸಾರ್‌ಗೆ ಗೊತ್ತಾಯ್ತು ನೋಡಿ, ಸ್ವಲ್ಪ ಹಳೇ ಸ್ಟಾಕು," ಎಂದು ವಿಜಯೇಂದ್ರ ನಕ್ಕ. ಆಮೇಲೆ ಅವರ ಕೈ ನಡುವಿನ ಟೈರಿನ ಮೇಲೆ ಬಂದು ನಿಂತಿತು. ಅಲ್ಲಿಯೂ ಅಂಕಿ ನೋಡಿದರು, ರಬ್ಬರನ್ನು ಉಗುರಿನಿಂದ ಒತ್ತಿದರು. "ಅದೇ."

"ಇದಾ?"

"ಅದೇ."

ವಿಮಲಾಗೆ ಕಣ್ಣು ತುಂಬಿ ಬಂತು. ಎಂಟು ತಿಂಗಳಲ್ಲಿ ಮೊದಲ ಸಲ ಅವರು ಒಂದು ವಿಷಯ ತೀರ್ಮಾನ ಮಾಡಿದ್ದರು, ಅದು ಅವಳಿಗೆ ತಿಳಿದಿತ್ತು. "ಇದೇ ಎರಡು ಹಾಕಿಬಿಡಿ," ಎಂದಳು ಗತ್ತಿನಿಂದ.

"ಎರಡೇ ಅಲ್ವಾ? ಮುಂದಕ್ಕೆ ಹಾಕ್ತೀವಿ," ಎಂದ ವಿಜಯೇಂದ್ರ. "ಎಳೆಯೋದೆಲ್ಲಾ ಮುಂದಿನ ಚಕ್ರಾನೇ. ಸವೆದಿರೋದೂ ಅವೇ."

ಕಾರಿಗೆ ಜ್ಯಾಕ್ ಕೊಟ್ಟು ಮುಂಭಾಗ ಎತ್ತುತ್ತಿದ್ದಂತೆ ಮೂರ್ತಿಯವರ ಎಡಗೈ ಗಾಳಿಯಲ್ಲಿ ಎದ್ದಿತು. "ಅದೇ! ಅದೇ!" ಬೆರಳು ಕಾರಿನ ಹಿಂಭಾಗವನ್ನು ತೋರಿಸುತ್ತಿತ್ತು.

"ಏನು ಬೇಕು? ಹಿಂದಿನ ಸೀಟಲ್ಲಿ ಮಲಗ್ತೀರಾ?"

"ಅದೇ!"

ಅವಳು ಹಿಂದಿನ ಬಾಗಿಲು ತೆಗೆದಳು. ಅವರು ಇನ್ನೂ ಜೋರಾಗಿ ಕೈ ಬೀಸಿದರು. ಡಿಕ್ಕಿ ತೆಗೆದಳು. ಛತ್ರಿ ತೋರಿಸಿದಳು, ನೀರಿನ ಬಾಟಲಿ ತೋರಿಸಿದಳು. ಬಾತ್‌ರೂಮಾ ಎಂದು ಕಿವಿಯಲ್ಲಿ ಕೇಳಿದಳು. ಪ್ರತಿಯೊಂದಕ್ಕೂ ತಲೆ ಆಡಿತು, ಪ್ರತಿಯೊಂದಕ್ಕೂ ಕೈ ಮತ್ತೆ ಹಿಂದಕ್ಕೇ ಹೋಯಿತು. ಅವರ ಕುತ್ತಿಗೆಯ ನರ ಉಬ್ಬಿತ್ತು, ತುಟಿಯ ಬಲಗಡೆಯಿಂದ ಜೊಲ್ಲು ಇಳಿಯುತ್ತಿತ್ತು. ಕೋಲು ಊರಿ ಏಳಹೋಗಿ ಕುರ್ಚಿಯ ಸಮೇತ ವಾಲಿದರು. ಯಾರೋ ಓಡಿ ಬಂದು ಹಿಡಿದರು. ಗಾಳಿ ಹೊಡೆಸಲು ನಿಂತಿದ್ದ ಬೈಕಿನವರೆಲ್ಲ ತಿರುಗಿ ನೋಡುತ್ತಿದ್ದರು.

"ಸಾರ್ ಅದೇ ಅಂತಿದಾರಲ್ಲ ಮೇಡಂ, ಒಪ್ಪಿಗೆ ಇದೆ," ಎಂದ ವಿಜಯೇಂದ್ರ ಸಮಾಧಾನ ಮಾಡುವವನಂತೆ.

"ಸಾಕು ಮಾಡ್ರೀ!" ವಿಮಲಾ ಕೂಗಿಬಿಟ್ಟಳು. "ಎಲ್ಲರೂ ನೋಡ್ತಿದಾರೆ. ಎಲ್ಲಾ ನಾನೇ ಮಾಡ್ತಿದೀನಲ್ಲ, ನೀವು ಸುಮ್ಮನೆ ಕೂರೋಕಾದ್ರೂ ಆಗಲ್ವಾ?"

ಅವರು ಕೂತರು. ಕೈ ಮಡಿಲಿಗೆ ಇಳಿಯಿತು. ಹೊಸ ಟೈರುಗಳು ಮುಂದಕ್ಕೆ ಹೋದವು.

ವಾಪಸು ಬರುವಾಗ ಮಳೆ ಹಿಡಿಯಿತು. ಮಾಚೇನಹಳ್ಳಿಯ ತಿರುವಿನಲ್ಲಿ ಮುಂದಿನ ಲಾರಿ ತಟ್ಟನೆ ನಿಧಾನವಾಯಿತು. ವಿಮಲಾ ಗಾಬರಿಯಿಂದ ಬ್ರೇಕ್ ಒತ್ತಿದಳು. ಕಾರಿನ ಹಿಂಭಾಗವನ್ನು ಯಾರೋ ಎತ್ತಿ ಪಕ್ಕಕ್ಕೆ ಎಸೆದಂತಾಯಿತು. ಸ್ಟೇರಿಂಗ್ ತಿರುಗಿಸಿದರೂ ಕಾರು ಕೇಳಲಿಲ್ಲ. ಯಾವುದೋ ಕಾರ್ಖಾನೆಯ ಕಾಂಪೌಂಡು, ವಿದ್ಯುತ್ ಕಂಬ, ಎದುರಿನ ಬಸ್ಸಿನ ದೀಪ ಒಂದಾದ ಮೇಲೊಂದು ಕಣ್ಣ ಮುಂದೆ ಹಾದವು. ನಿಂತಾಗ ಕಾರಿನ ಮೂತಿ ಬಂದ ದಾರಿಗೇ ತಿರುಗಿತ್ತು. ಬಸ್ಸು ಉದ್ದಕ್ಕೂ ಹಾರ್ನ್ ಹೊಡೆಯುತ್ತ ಪಕ್ಕದಲ್ಲೇ ಹಾದುಹೋಯಿತು.

ಯಾರಿಗೂ ಏನೂ ಆಗಿರಲಿಲ್ಲ. ಮೂರ್ತಿಯವರು ಕಣ್ಣು ಮುಚ್ಚಿ, ಎಡಗೈಯಿಂದ ಬೆಲ್ಟನ್ನು ಎದೆಗೆ ಅವುಚಿಕೊಂಡಿದ್ದರು. ವಿಮಲಾ ಅವರನ್ನು ಮುಟ್ಟಿದಳು. ಅವರು ಕಣ್ಣು ತೆರೆಯಲಿಲ್ಲ. ಓಲ್ಡ್ ಟೌನಿನ ಮನೆ ತಲುಪುವವರೆಗೂ ಅವಳು ಇಪ್ಪತ್ತರ ಮೇಲೆ ಓಡಿಸಲಿಲ್ಲ.

ಮರುದಿನ ಬೆಳಗ್ಗೆ ಅವಳು ಕಾರನ್ನು ಹತ್ತಿರದ ಮೆಕ್ಯಾನಿಕ್ ಶಿವಯೋಗಪ್ಪನ ಬಳಿ ಒಯ್ದಳು. ಬ್ರೇಕು ಕೆಟ್ಟಿದೆ ಎಂದೇ ಅವಳ ಅನುಮಾನ. ಅವನು ಸುತ್ತ ಒಂದು ಸಲ ಬಂದು, ಹಿಂದಿನ ಟೈರನ್ನು ನೋಡಿ, ಮುಂದಿನದನ್ನು ನೋಡಿ ನಾಲಿಗೆ ಲೊಚಗುಟ್ಟಿದ.

"ಬ್ರೇಕ್ ಸರಿಯಾಗಿದೆ ಅಕ್ಕಾ. ಎರಡೇ ಹೊಸದು ಹಾಕೋದಾದ್ರೆ ಹಿಂದಕ್ಕೆ ಹಾಕ್ಬೇಕು. ಹಿಂದಿನವನ್ನ ಮುಂದಕ್ಕೆ ತರ್ಬೇಕು. ಮುಂದೆ ಜಾರಿದ್ರೆ ಕೈಗೆ ಗೊತ್ತಾಗುತ್ತೆ, ಸುಧಾರಿಸ್ಕೊಬಹುದು. ಹಿಂದೆ ಜಾರಿತು ಅಂದ್ರೆ ದೇವರೇ ಗತಿ. ಇದನ್ನ ನನಗೆ ಹೇಳಿಕೊಟ್ಟೋರೇ ಸಾರ್. ಜೊತೆಗೆ ಬಂದಿದ್ರು ಅಂತೀರಿ, ಅವರು ಏನೂ ಹೇಳಲಿಲ್ವಾ?"

ಕೇಳಿದ ಮೇಲೆ ಅವನಿಗೇ ನೆನಪಾಗಿ ತಲೆ ತಗ್ಗಿಸಿದ.

"ಹೇಳಿದ್ರು," ಎಂದಳು ವಿಮಲಾ.

ಅವನು ಟೈರು ಅದಲು ಬದಲು ಮಾಡುವವರೆಗೂ ಅವಳು ಅಲ್ಲೇ ನಿಂತಿದ್ದಳು. ಮನೆಗೆ ಬಂದು ಗಂಡನ ಮಂಚದ ಅಂಚಿನಲ್ಲಿ ಕೂತು, "ಹಿಂದಕ್ಕೆ ಹಾಕಿಸ್ದೆ ರೀ. ನೀವು ಹೇಳಿದ್ದು ಅದಲ್ವಾ? ನಂಗೆ ಗೊತ್ತಾಗಲಿಲ್ಲ. ತಪ್ಪಾಯ್ತು," ಎಂದಳು. ಅವರು ಅವಳ ಮುಖವನ್ನೇ ನೋಡಿದರು. ಆ ನೋಟದಲ್ಲಿ ಏನಿದೆ ಎಂದು ಅವಳಿಗೆ ಓದಲಾಗಲಿಲ್ಲ. ಸ್ವಲ್ಪ ಹೊತ್ತಿನ ನಂತರ ಅವರು ಗೋಡೆಯ ಕಡೆ ಹೊರಳಿದರು.

ಮುಂದಿನ ಶನಿವಾರ ಇಸ್ತ್ರಿ ಮಾಡಿದ ಅಂಗಿ ತೊಡಿಸಿ, ತಲೆ ಬಾಚಿ ಗೇಟಿನವರೆಗೆ ಕರೆದುಕೊಂಡು ಬಂದಳು. ಅಲ್ಲಿ ಅವರು ನಿಂತುಬಿಟ್ಟರು. ಕೋಲು ಬಿಟ್ಟು ಎಡಗೈಯಿಂದ ಗೇಟಿನ ಸರಳು ಹಿಡಿದರು.

"ಬನ್ನಿ, ತಡ ಆಗುತ್ತೆ. ನೋಡಿ, ಹಿಂದೆ ಹೊಸದಿದೆ. ಮಳೇನೂ ಇಲ್ಲ ಇವತ್ತು. ನಿಧಾನಕ್ಕೆ ಹೋಗ್ತೀನಿ."

ಅವರು ಅಲುಗಲಿಲ್ಲ. ಅವಳು ಬೆರಳುಗಳನ್ನು ಒಂದೊಂದಾಗಿ ಬಿಡಿಸಲು ನೋಡಿದಳು. ಒಂದು ಬಿಡಿಸುವಷ್ಟರಲ್ಲಿ ಇನ್ನೊಂದು ಬಿಗಿಯುತ್ತಿತ್ತು. ಎದುರು ಮನೆಯ ಪದ್ಮಮ್ಮ ಬಂದು "ಹೋಗಿ ಬನ್ನಿ ರಾಯರೇ, ಪಾಪ, ಅವಳೂ ಒಬ್ಬಳೇ ಎಷ್ಟು ಅಂತ ಮಾಡ್ತಾಳೆ," ಎಂದು ಹೇಳಿ ನೋಡಿದರು. ಟೈರಿನ ಹೆದರಿಕೆಯಾ ಎಂದು ಕೇಳಿದಳು ವಿಮಲಾ. ನಾನು ಓಡಿಸೋದಕ್ಕೆ ಹೆದರಿಕೆಯಾ? ನನ್ನ ಮೇಲೆ ಸಿಟ್ಟಾ? ಸುಪ್ರಿಯಾ ಹತ್ತಿರ ಹೋಗೋದೇ ಬೇಡವಾ? ಎಲ್ಲದಕ್ಕೂ ಅವರ ತಲೆ ಒಂದೇ ತರ ಆಡಿತು.

ಕೊನೆಗೆ ಅವಳು ಫೋನು ಮಾಡಿದಳು. "ಬಲವಂತ ಮಾಡ್ಬೇಡಿ ಮೇಡಂ," ಎಂದಳು ಸುಪ್ರಿಯಾ. "ಇವತ್ತು ಬಿಡಿ. ಮುಂದಿನ ವಾರ ನೋಡೋಣ."

ಮುಂದಿನ ವಾರವಾದರೂ ಇವರನ್ನು ಗೇಟಿನಿಂದ ಬಿಡಿಸುವುದು ಹೇಗೆಂದು ವಿಮಲಾಗೆ ಕೇಳಬೇಕೆನಿಸಿತು. ಫೋನು ಇಟ್ಟಳು. ಒಳಗಿನಿಂದ ಎರಡು ಕುರ್ಚಿ ತಂದು ಗೇಟಿನ ಹತ್ತಿರ ಹಾಕಿದಳು. ಅವರು ಸರಳನ್ನು ಬಿಡದೆಯೇ ಕೂತರು. ಅವಳೂ ಪಕ್ಕದಲ್ಲಿ ಕೂತಳು. ಬೀದಿಯಲ್ಲಿ ಸೊಪ್ಪಿನವಳು ಕೂಗುತ್ತ ಹೋದಳು. ಮೂರು ಗಂಟೆಯಾಯಿತು. ಶಿವಮೊಗ್ಗದಲ್ಲಿ ಸುಪ್ರಿಯಾ ಅವರ ಹೊತ್ತಿಗೆ ಬೇರೆ ಯಾರನ್ನೋ ಒಳಗೆ ಕರೆದಿರಬೇಕು.